ರುಚಿ ನೋಡಲು ಹೋದ ಮದುಮಗ

ಎಲ್ಲ ರಗಳೆಗೂ ಕಾರಣ ಒಂದು ಚೂರು ಕೇಕು. ಅದನ್ನು ಬನ್ನಣ್ಣ ತಿನ್ನದೆ ಇದ್ದಿದ್ದರೆ ಆ ದಿನವೂ ಉಳಿದ ದಿನಗಳ ಹಾಗೆಯೇ ಹಿಟ್ಟು ನಾದಿ, ಬ್ರೆಡ್ಡು ಕೊಯ್ದು, ಷಟರ್ ಎಳೆದು ಮುಗಿದುಹೋಗುತ್ತಿತ್ತು.

ಬನ್ನಣ್ಣ ಎನ್ನುವುದು ಬೀದಿಯವರು ಇಟ್ಟ ಹೆಸರು. ಅಪ್ಪನ ಕಾಲದಿಂದ ಮೂಲೆಯಲ್ಲಿದ್ದ ಬೇಕರಿಯಲ್ಲಿ ದಿನಾ ಬನ್ನು ಬೇಯಿಸಿ ಬೇಯಿಸಿ ಅವನ ಮುಖವೂ ಉಬ್ಬಿ ಕಂದು ಬಣ್ಣಕ್ಕೆ ತಿರುಗಿತ್ತು. ಐವತ್ತು ದಾಟಿದ್ದರೂ ಮದುವೆಯಾಗಿರಲಿಲ್ಲ. ಬೇಡ ಅಂತೇನೂ ಇರಲಿಲ್ಲ. ಊರು ಮಲಗಿರುವಾಗ ಎದ್ದು ಹಿಟ್ಟು ಕಲಸಿದವನು ಊರು ಎದ್ದಿರುವಾಗ ತೂಕಡಿಸಲೇಬೇಕಲ್ಲ. ಯಾರಾದರೂ ಸಂಬಂಧದ ಮಾತೆತ್ತಿದ ಹೊತ್ತಿಗೆ ಸರಿಯಾಗಿ ಅವನಿಗೆ ಆಕಳಿಕೆ ಬರುತ್ತಿತ್ತು. ಒಂದೆರಡು ಒಳ್ಳೆಯ ಸಂಬಂಧಗಳು ಆ ಆಕಳಿಕೆಯಲ್ಲೇ ತಪ್ಪಿಹೋದವು.

ತನ್ನ ಮದುವೆ ಇಲ್ಲದಿದ್ದರೇನು, ಊರಿನ ಅರ್ಧ ಮದುವೆಗಳ ಮೂರಂತಸ್ತಿನ ಕೇಕು ಅವನ ಭಟ್ಟಿಯಿಂದಲೇ ಹೋಗುತ್ತಿತ್ತು. ಕೇಕು ಮುಂಬಾಗಿಲಿನಿಂದ ಒಳಗೆ ಹೋದರೆ ಅವನು ಖಾಲಿ ತಟ್ಟೆ ಹಿಡಿದು ಹಿಂಬಾಗಿಲಿನಿಂದ ಹೊರಗೆ ಬರುತ್ತಿದ್ದ. ಅಪ್ಪಿತಪ್ಪಿ ಯಾರಾದರೂ ಊಟ ಮಾಡಿಕೊಂಡು ಹೋಗಿ ಎಂದರೆ ಆ ವಾರವಿಡೀ ಅದನ್ನೇ ನೆನೆದುಕೊಳ್ಳುತ್ತಿದ್ದ.

ಈಗ ಆ ಹಿಂಬಾಗಿಲೂ ಮುಚ್ಚಿತ್ತು. ಕಾರಣ ಟೀಚರಮ್ಮ. ಊರಿನ ಆಚೆ ಬದಿಯ ಅಪಾರ್ಟ್‌ಮೆಂಟಿನ ಮೂರನೇ ಮಹಡಿಗೆ ಹೊಸದಾಗಿ ಬಂದ ಆಕೆ, ಶಾಲೆಯ ಕೆಲಸ ಬಿಟ್ಟು ಮನೆಯಲ್ಲೇ ಮದುವೆ ಕೇಕು ಶುರುಮಾಡಿದ್ದೇ ತಡ, ಜನ ಆ ಕಡೆ ಮುಗಿಬಿದ್ದರು. ಮನೆಯಲ್ಲಿ ಮಾಡಿದ್ದು ಮನೆಯಲ್ಲಿ ಮಾಡಿದ್ದೇ, ಅಂಗಡಿಯದು ಅಂಗಡಿಯದೇ ಎಂದು ಎಲ್ಲರೂ ಒಂದೇ ರಾಗ ಎಳೆಯತೊಡಗಿದರು. ಬನ್ನಣ್ಣನ ಗಾಜಿನ ಕಪಾಟಿನಲ್ಲಿ ಥರ್ಮಾಕೋಲಿನ ಮಾದರಿ ಕೇಕು ಧೂಳು ತಿನ್ನುತ್ತ ನಿಂತಿತ್ತು. ಕೇಕಿಗೆ ಖಾಯಂ ಗಿರಾಕಿ ಅಂತ ಉಳಿದವನು ಒಬ್ಬನೇ. ಬೆಳಿಗ್ಗೆ ಹೆಲ್ಮೆಟ್ಟನ್ನೂ ತೆಗೆಯದೆ ಬಂದು, ಕ್ರೀಮು ಹಚ್ಚದ ಸಾದಾ ಕೇಕುಗಳನ್ನು ತುಂಬಿಸಿಕೊಂಡು, ತುಟಿ ಬಿಚ್ಚದೆ ಹೋಗುತ್ತಿದ್ದ. ಯಾವುದೋ ಹಾಸ್ಟೆಲಿಗಿರಬೇಕು ಎಂದುಕೊಂಡಿದ್ದ ಬನ್ನಣ್ಣ.

"ತಾತಾ, ನಮ್ಮ ಕೇಕು ಕೆಟ್ಟಿದೆಯಾ?" ಎಂದು ಬನ್ನಣ್ಣ ಆ ಬೆಳಿಗ್ಗೆ ಕೇಳಿದ.

ಭಟ್ಟಿ ನೋಡಿಕೊಳ್ಳುತ್ತಿದ್ದ ಮುದುಕ ಅಪ್ಪನ ಕಾಲದವನು. "ನನ್ನನ್ನೇನು ಕೇಳ್ತೀಯ? ನೀನೇ ತಿಂದು ನೋಡು," ಎಂದ.

"ನಾನಾ? ಸೋಪು ಮಾಡೋನು ಸೋಪು ತಿಂತಾನಾ?"

ಹುಡುಗನಾಗಿದ್ದಾಗ ಕದ್ದು ತಿಂದು ತಿಂದು ಹೊಟ್ಟೆ ಕೆಟ್ಟು ಮಲಗಿದ್ದವನು ಆಮೇಲೆ ಕೇಕು ಮುಟ್ಟಿರಲಿಲ್ಲ. ಬೇಯಿಸಿದ ಮೊಟ್ಟೆ, ನಿನ್ನೆಯ ಬ್ರೆಡ್ಡು, ಚಹಾ, ಇಷ್ಟರಲ್ಲೇ ಜೀವನ ನಡೆದಿತ್ತು. ರುಚಿ ನೋಡುವುದು ತಾತನ ಕೆಲಸ. ಸಕ್ಕರೆ ಕಾಯಿಲೆ ಬಂದ ಮೇಲೆ ತಾತನೂ ಮೂಸಿ ನೋಡಿ ತಲೆಯಾಡಿಸಿ ಸುಮ್ಮನಾಗುತ್ತಿದ್ದ.

"ಅವಳ ಕೇಕಲ್ಲಿ ಅಂಥಾದ್ದೇನಿದೆ ಅಂತ ತಿಳ್ಕೊಳ್ಳದೆ ನಂಗೆ ನಿದ್ದೆ ಬರಲ್ಲ," ಎಂದು ಬನ್ನಣ್ಣ ಫೋನು ಎತ್ತಿಕೊಂಡ.

ಆದರೆ ಟೀಚರಮ್ಮ ಬಿಡಿ ತುಂಡು ಮಾರುತ್ತಿರಲಿಲ್ಲ. "ರುಚಿ ನೋಡೋಕೆ ಮದುವೆ ಮನೆಯವರು ಮಾತ್ರ ಬರ್ಬೇಕು," ಎಂದಳು. "ನೀವು ಹುಡುಗಿ ತಂದೆಯಾ, ಹುಡುಗನ ತಂದೆಯಾ?"

ಆ ಪ್ರಶ್ನೆ ಬನ್ನಣ್ಣನಿಗೆ ಎಲ್ಲಿ ಚುಚ್ಚಬೇಕೋ ಅಲ್ಲೇ ಚುಚ್ಚಿತು. "ನಾನೇ ಹುಡುಗ," ಎಂದುಬಿಟ್ಟ.

ಆ ಕಡೆ ಒಂದು ಕೆಮ್ಮು ಕೇಳಿಸಿತು. "ಸಂತೋಷ. ಬನ್ನಿ," ಎಂದಳು ಕೊನೆಗೆ.

ಗಡ್ಡ ಬೋಳಿಸಿ, ಇಸ್ತ್ರಿಯ ಅಂಗಿ ಹಾಕಿ, ಕಿವಿಯ ಹಿಂದಿನ ಮೈದಾ ಹಾಗೇ ಬಿಟ್ಟು ಬನ್ನಣ್ಣ ಮೂರು ಮಹಡಿ ಹತ್ತಿದ. ಬಾಗಿಲು ತೆರೆದೇ ಇತ್ತು. ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಸಕ್ಕರೆಯಲ್ಲಿ ಮಾಡಿದ ಹೂಗಳು ಈಗ ತಾನೇ ಗಿಡದಿಂದ ಕಿತ್ತಂತೆ ಇದ್ದವು. ಪಕ್ಕದ ಸೋಫಾದಲ್ಲಿ ಬಾಯಿ ತುಂಬ ಕೇಕು ತುಂಬಿಕೊಂಡು ಕೂತಿದ್ದವನು ಬೇರೆ ಯಾರೂ ಅಲ್ಲ, ಬೇಕರಿಯ ಪಕ್ಕದಂಗಡಿಯ ದರ್ಜಿ. ಮಗಳ ಮದುವೆಗೆ ನಿನ್ನ ಕೇಕು ಬಿಟ್ಟರೆ ಬೇರೆ ಮಾತೇ ಇಲ್ಲ ಎಂದು ಮೊನ್ನೆ ಮೊನ್ನೆ ಬನ್ನಣ್ಣನ ಚಹಾ ಕುಡಿದು ಹೇಳಿದ್ದವನು.

ದರ್ಜಿಗೆ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. "ಬನ್ನಣ್ಣಾ, ನೀನೇನು ಇಲ್ಲಿ?" ಎಂದ, ಹೇಗೋ ನುಂಗಿ.

"ಇವರು ಮದುವೆ ಹುಡುಗ," ಎಂದಳು ಟೀಚರಮ್ಮ.

ಮುಳುಗುತ್ತಿದ್ದ ದರ್ಜಿಗೆ ಹುಲ್ಲುಕಡ್ಡಿ ಸಿಕ್ಕಿತು. ತನ್ನ ಕಳ್ಳತನದ ಮಾತು ಬರುವ ಮೊದಲೇ ಎದ್ದು ಬನ್ನಣ್ಣನನ್ನು ತಬ್ಬಿಕೊಂಡ. "ಅಯ್ಯೋ ಕಳ್ಳ, ನಮಗೂ ಹೇಳದೆ ಮದುವೆ ಆಗ್ತಿದ್ದೀಯಾ? ನೋಡೀಮ್ಮಾ, ಇವನು ಮೂಲೆ ಬೇಕರಿಯ ಮಾಲೀಕ. ಅವನೇ ತನ್ನ ಮದುವೆಗೆ ನಿಮ್ಮ ಹತ್ರ ಬಂದಿದ್ದಾನೆ ಅಂದ್ಮೇಲೆ ನಾನು ಬಂದಿದ್ದರಲ್ಲಿ ತಪ್ಪೇನಿದೆ?"

ಟೀಚರಮ್ಮನ ಕೈಯಿಂದ ಚಾಕು ಜಾರಿತು. ಮುಖ ಬಿಳಿಚಿಕೊಂಡಿತು. "ಮೂಲೆ ಬೇಕರಿನಾ?" ಎಂದಳು.

ಅವಳು ತನಗೆ ಹೆದರಿದಳು ಎಂದು ಬನ್ನಣ್ಣನಿಗೆ ಒಳಗೊಳಗೇ ಹಿಗ್ಗಾಯಿತು. "ತನ್ನ ಮದುವೇಲಿ ತಾನೇ ಒಲೆ ಮುಂದೆ ನಿಂತ್ಕೊಳ್ಳೋಕಾಗುತ್ತಾ?" ಎಂದು ದೊಡ್ಡ ಮನುಷ್ಯನ ಹಾಗೆ ಕೂತ.

"ಇವತ್ತು ಯಾಕೋ ಕೇಕು ಸರಿ ಬಂದಿಲ್ಲ. ನೀವು ಇನ್ನೊಂದಿನ ಬನ್ನಿ," ಎಂದು ಅವಳು ತಟ್ಟೆ ಎತ್ತಿಕೊಳ್ಳಲು ಬಂದಳು. ಬನ್ನಣ್ಣ ತಟ್ಟೆ ಬಿಡಲಿಲ್ಲ. ಅವಳು ಆ ಕಡೆ ಎಳೆದಳು, ಇವನು ಈ ಕಡೆ ಎಳೆದ. ವರ್ಷಗಟ್ಟಲೆ ಹಿಟ್ಟು ನಾದಿದ ತೋಳು ಗೆದ್ದಿತು. ಒಂದು ತುಂಡು ಬಾಯಿಗೆ ಹಾಕಿಕೊಂಡ.

ಬೆಣ್ಣೆ ನಾಲಿಗೆಯ ಮೇಲೆ ಮೆಲ್ಲಗೆ ಕರಗಿತು. ಹಿಂದೆಯೇ ಅಂಚಿನಲ್ಲಿ ಕೆಂಪಾದ ಸಕ್ಕರೆಯ ಕಹಿ, ಬಂತೋ ಇಲ್ಲವೋ ಎನ್ನುವಷ್ಟು. ಸಿಹಿ ಎಂದರೇನು ಎಂಬುದೇ ಮರೆತಿದ್ದ ಅವನ ಕಣ್ಣಲ್ಲಿ ನೀರು ತುಂಬಿತು. ಅಮ್ಮ, ಅಪ್ಪ, ಅಕ್ಕ ಎಲ್ಲರೂ ಒಂದೇ ತಟ್ಟೆಯ ಸುತ್ತ ಕೂತಿದ್ದ ಯಾವುದೋ ಮಧ್ಯಾಹ್ನ ನೆನಪಾಯಿತು. ಎದುರಿಗೆ ಯಾರಾದರೂ ಕೂತು ತಿಂದು ಎಷ್ಟು ಕಾಲವಾಯಿತು ಎಂದು ಅನ್ನಿಸಿತು.

"ಇದನ್ನ ಎಲ್ಲೋ ತಿಂದಿದ್ದೀನಿ," ಎಂದ.

ಟೀಚರಮ್ಮ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಎಲ್ಲಿ?"

"ಗೊತ್ತಾಗ್ತಿಲ್ಲ. ಆದ್ರೆ ಇಂಥದ್ದು ನನ್ನ ಕೈಲಿ ಆಗಲ್ಲ ಬಿಡಿ ಅಮ್ಮಾ. ಸೋತೆ."

ಟೀಚರಮ್ಮ ಕುಕ್ಕರಿಸಿ ಕೂತಳು, ನೀರು ಕುಡಿದಳು, ಆಮೇಲೆ ಇದ್ದಕ್ಕಿದ್ದ ಹಾಗೆ ಬಹಳ ಒಳ್ಳೆಯವಳಾದಳು. ಕೇಳದೆಯೇ ಇನ್ನೊಂದು ತುಂಡು ಬಡಿಸಿದಳು. ದರ್ಜಿಯ ಎದುರು ಹಿಂದೆ ಸರಿಯುವಂತಿರಲಿಲ್ಲ. ಮುಂದಿನ ತಿಂಗಳ ಕೊನೆಯ ಭಾನುವಾರಕ್ಕೆ ಮೂರಂತಸ್ತಿನ ಕೇಕಿಗೆ ಬನ್ನಣ್ಣ ಆರ್ಡರು ಕೊಟ್ಟ. ಅಮ್ಮನಿಗೆ ಇಷ್ಟವಿತ್ತೆಂದು ಮೇಲಿನ ಚಿಕ್ಕ ಅಂತಸ್ತಿಗೆ ಕಿತ್ತಳೆ ಸಿಪ್ಪೆ ತುರಿದು ಹಾಕಲು ಹೇಳಿದ.

"ಮೇಲೆ ಇಬ್ಬರ ಹೆಸರೂ ಬರೀತೀನಿ. ಅವರ ಹೆಸರೇನು?" ಎಂದಳು.

ಬನ್ನಣ್ಣ ಕಿಟಕಿ ನೋಡಿದ, ಸಕ್ಕರೆ ಹೂ ನೋಡಿದ. "ಸಂಜೆ ಹೇಳ್ತೀನಿ," ಎಂದ.

ಅವನು ನಡೆದು ಬರುವಷ್ಟರಲ್ಲಿ ದರ್ಜಿಯ ಸ್ಕೂಟರು ಬೀದಿ ಮುಟ್ಟಿತ್ತು. ಸುದ್ದಿ ಅದಕ್ಕೂ ಮೊದಲೇ ಮುಟ್ಟಿತ್ತು. ಹುಡುಗಿ ನರ್ಸಂತೆ ಎಂದು ಔಷಧಿ ಅಂಗಡಿಯವನು, ಇಲ್ಲ, ಬ್ಯಾಂಕಿನಲ್ಲಿದ್ದಾಳೆ ಎಂದು ಇಸ್ತ್ರಿಯವನು ಕಣ್ಣಾರೆ ಕಂಡವರ ಹಾಗೆ ವಾದಿಸುತ್ತಿದ್ದರು. ಇಬ್ಬರೂ ಬನ್ನಣ್ಣನನ್ನು ಕೇಳುವ ಗೋಜಿಗೆ ಹೋಗಲಿಲ್ಲ. ದರ್ಜಿ ಟೇಪು ಹಿಡಿದು ನೇರ ಬೇಕರಿಯೊಳಗೆ ನುಗ್ಗಿದ.

"ಕೋಟು ನನ್ನ ಕಡೆಯಿಂದ. ಹೊಟ್ಟೆ ಒಳಗೆ ಎಳ್ಕೊ."

"ಕೋಟೆಲ್ಲಾ ಬೇಡ ಮಾರಾಯ, ವಿಷಯ ಏನಂದ್ರೆ..."

"ನಾಚ್ಕೋಬೇಡ. ಈ ವಯಸ್ಸಲ್ಲಿ ನಾಚಿಕೆಗೆ ಟೈಮಿಲ್ಲ."

ಅಷ್ಟರಲ್ಲಿ ಫೋನು ಬಂತು. ದೂರದ ಊರಲ್ಲಿದ್ದ ಅಕ್ಕ. "ನಾನೇನು ಸತ್ತುಹೋಗಿದ್ದೀನಾ?" ಎಂದು ಶುರುಮಾಡಿದಳು. "ಒಡಹುಟ್ಟಿದವಳು ಯಾರೋ ಮೂರನೆಯವರ ಬಾಯಿಂದ ಕೇಳ್ಬೇಕಾ? ಇರ್ಲಿ, ಮಾತಾಡ್ಬೇಡ. ನಾಳೆ ಬೆಳಿಗ್ಗೆ ಬಸ್ಸಿಗೆ ಹೊರಟೆ. ಅಮ್ಮ ಇದ್ದಿದ್ರೆ ಎಷ್ಟು ಕುಣೀತಿದ್ಲೋ," ಎಂದು ಅತ್ತಳು. ಬನ್ನಣ್ಣ ಬಾಯಿ ತೆರೆಯುವಷ್ಟರಲ್ಲಿ ಫೋನು ಇಟ್ಟಾಗಿತ್ತು.

ನಿಜ ಹೇಳಲು ಅವನಿಗೆ ಅವಕಾಶವೇ ಸಿಗಲಿಲ್ಲ ಎಂದರೆ ಅರ್ಧ ಸುಳ್ಳು. ಮಧ್ಯಾಹ್ನದ ಹೊತ್ತಿಗೆ ಅವನಿಗೆ ಹೇಳುವ ಮನಸ್ಸೇ ಹೋಗಿತ್ತು. ಬ್ರೆಡ್ಡಿನ ಕಡೆ ಮಾತ್ರ ನೋಡುತ್ತಿದ್ದ ಗಿರಾಕಿಗಳು ಇವತ್ತು ಅವನ ಮುಖ ನೋಡುತ್ತಿದ್ದರು. ಚಿಲ್ಲರೆ ಎಸೆದು ಹೋಗುತ್ತಿದ್ದ ಇಸ್ತ್ರಿಯವನು ಸ್ಟೂಲು ಎಳೆದು ಕೂತು, "ಊಟ ಆಯ್ತಾ?" ಎಂದು ಕೇಳಿದ. ಇಷ್ಟು ವರ್ಷಗಳಲ್ಲಿ ಬೀದಿಯ ಯಾರೂ ಅದನ್ನು ಕೇಳಿರಲಿಲ್ಲ. ಬನ್ನಣ್ಣನಿಗೆ ಸುಖವಾಯಿತು, ಆ ಸುಖಕ್ಕೆ ನಾಚಿಕೆಯೂ ಆಯಿತು. ಇವತ್ತೊಂದು ದಿನ ಇರಲಿ, ನಾಳೆ ಏನಾದರೂ ಹೇಳಿದರಾಯಿತು ಎಂದುಕೊಂಡು, ಮೇಲಿನ ಹಲಗೆಯಲ್ಲಿ ಮಗುಚಿಟ್ಟಿದ್ದ ಎರಡನೇ ಲೋಟವನ್ನು ಇಳಿಸಿ ತೊಳೆದಿಟ್ಟ. ನರ್ಸಾದರೂ ಆಗಲಿ, ಬ್ಯಾಂಕಿನವಳಾದರೂ ಆಗಲಿ ಎಂದು ಒಂದು ಗಳಿಗೆ ಅವನಿಗೂ ಅನ್ನಿಸಿತು.

ಸಂಜೆ, ಎಂದೂ ಬಾರದ ಹೊತ್ತಿನಲ್ಲಿ, ಹೆಲ್ಮೆಟ್ಟಿನ ಗಿರಾಕಿ ಬಂದ.

"ಮುಂದಿನ ತಿಂಗಳ ಕೊನೇ ಭಾನುವಾರಕ್ಕೆ ಮೂರು ಸಾದಾ ಕೇಕು ಬೇಕು," ಎಂದ. "ದೊಡ್ಡದೊಂದು, ನಡುವಿನದೊಂದು, ಚಿಕ್ಕದೊಂದು. ಕ್ರೀಮು ಬೇಡ. ಚಿಕ್ಕದಕ್ಕೆ ಕಿತ್ತಳೆ ಸಿಪ್ಪೆ ತುರಿದು ಹಾಕ್ಬೇಕಂತೆ."

ಬನ್ನಣ್ಣನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. "ಹೆಲ್ಮೆಟ್ ತೆಗಿ," ಎಂದ.

ತೆಗೆದ. ಅದೇ ಮೂಗು, ಅದೇ ಬಿಳಿಚಿದ ಮುಖ. ಟೀಚರಮ್ಮನಿಗೆ ಮೀಸೆ ಬರೆದ ಹಾಗಿತ್ತು.

"ಗೊತ್ತಾಗ್ಬಿಡ್ತಾ ಅಣ್ಣಾ?" ಎಂದ ಅವನು ಅಳುಮೋರೆ ಮಾಡಿ. "ಅಕ್ಕ ಹೂವು, ಕ್ರೀಮು ಎಲ್ಲ ಚೆನ್ನಾಗಿ ಮಾಡ್ತಾಳೆ. ಕೇಕು ಬೇಯಿಸೋಕೆ ಮಾತ್ರ ಬರಲ್ಲ. ಮನೇಲಿ ಓವನ್ನೇ ಇಲ್ಲ. ಮೊದಲಿಂದ್ಲೂ ನಿಮ್ಮದೇ ಕೇಕು. ಬೆಳಿಗ್ಗೆ ನೀವು ತಿಂದಾಗ ಜೀವ ಬಾಯಿಗೆ ಬಂದಿತ್ತಂತೆ. ತನ್ನ ಕೇಕು ತನಗೇ ಗುರುತು ಸಿಗದ ಬೇಕರಿಯವರೂ ಇರ್ತಾರಾ ಅಂತ ಅಕ್ಕ ಇನ್ನೂ ನಂಬ್ತಿಲ್ಲ."

ಬನ್ನಣ್ಣ ಕಪಾಟಿನಿಂದ ಒಂದು ಸಾದಾ ಕೇಕು ತೆಗೆದು ಅಂಚು ಮುರಿದು ಬಾಯಿಗೆ ಹಾಕಿಕೊಂಡ. ಬೆಣ್ಣೆ ಬಂತು, ಹಿಂದೆಯೇ ಆ ಚೂರು ಕಹಿಯೂ ಬಂತು. ಊರಿನ ಎಲ್ಲ ಮದುವೆಗಳಲ್ಲೂ ಇಷ್ಟು ದಿನ ಜನ ತಿಂದು ಬಾಯಿ ಚಪ್ಪರಿಸಿದ್ದು ಇದನ್ನೇ.

"ಬೀದಿಗೆಲ್ಲ ಹೇಳ್ತೀರಾ ಅಣ್ಣಾ?"

ಹೇಳಬಹುದಿತ್ತು. ಹೊರಗೆ ನಿಂತು ಒಂದು ಸಲ ಕೂಗಿದ್ದರೆ ಸಾಕಿತ್ತು. ಆದರೆ ನಿನಗೆ ಹೇಗೆ ಗೊತ್ತಾಯಿತು ಎಂದು ಬೀದಿ ಕೇಳುತ್ತದೆ. ರುಚಿ ನೋಡಲು ಯಾಕೆ ಹೋಗಿದ್ದೆ, ಹಾಗಾದರೆ ಹುಡುಗಿ ಯಾರು, ಹುಡುಗಿಯೇ ಇಲ್ಲವಾ ಎಂದು ಒಂದರ ಹಿಂದೆ ಒಂದು ಬರುತ್ತದೆ. ಇಸ್ತ್ರಿಯವನು ನಾಳೆ ಸ್ಟೂಲು ಎಳೆದು ಕೂರುವುದಿಲ್ಲ. ಊರಲ್ಲಿ ತನ್ನ ಅಕ್ಕ ಈಗಾಗಲೇ ಪೆಟ್ಟಿಗೆ ಕಟ್ಟುತ್ತಿರುತ್ತಾಳೆ.

"ಹೇಳಲ್ಲ, ಹೋಗು," ಎಂದ.

ಅವನು ಬಾಗಿಲ ತನಕ ಹೋಗಿ ತಿರುಗಿದ. "ಅಣ್ಣಾ, ಆ ಇನ್ನೊಂದು ಹೆಸರು ಕೇಳ್ಕೊಂಡು ಬಾ ಅಂದಿದ್ಲು ಅಕ್ಕ."

ಬನ್ನಣ್ಣ ತೊಳೆದ ಲೋಟವನ್ನು ಮತ್ತೊಮ್ಮೆ ಒರೆಸಿಟ್ಟ. "ಸದ್ಯಕ್ಕೆ ಅಷ್ಟು ಜಾಗ ಖಾಲಿ ಬಿಡೋಕೆ ಹೇಳು."

ಭಟ್ಟಿಯ ಹಿಂದಿನಿಂದ ತಾತ ಎಲ್ಲ ಕೇಳಿಸಿಕೊಂಡಿದ್ದ. "ಅಂದ್ರೆ ನಾವೇ ಬೇಯಿಸಿ, ಅವಳಿಗೆ ಮಾರಿ, ಅವಳ ಹತ್ರ ನಾವೇ ಕೊಂಡ್ಕೊಳ್ಳೋದು?"

"ಹೂಂ."

"ತಿನ್ನೋರು ಯಾರು?"

ಬನ್ನಣ್ಣ ಚಾಕು ಎತ್ತಿಕೊಂಡ. ಮುರಿದ ಕೇಕಿನಲ್ಲಿ ಎರಡು ತುಂಡು ಕೊಯ್ದು ಎರಡು ತಟ್ಟೆಗೆ ಹಾಕಿ, ಒಂದನ್ನು ತಾತನ ಕಡೆ ಸರಿಸಿದ. ತಾತ ಅದನ್ನು ಮೂಸಿ ನೋಡಿ, ತಲೆಯಾಡಿಸಿ, ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋದ.

ಬನ್ನಣ್ಣ ತನ್ನ ತುಂಡು ತಿಂದ. ಸ್ವಲ್ಪ ಹೊತ್ತು ಕಾದು, ಎದುರಿನ ತಟ್ಟೆಯದನ್ನೂ ತಿಂದ. ನಿಜವಾಗಿಯೂ ಚೆನ್ನಾಗಿತ್ತು. ಹಾಗೆಂದು ಹೇಳೋಣವೆಂದರೆ ಯಾರೂ ಇರಲಿಲ್ಲ. ಪಕ್ಕದಂಗಡಿಯಲ್ಲಿ ದರ್ಜಿ ಅವನ ಮದುವೆಯ ಕೋಟಿಗೆ ಆಗಲೇ ಬಟ್ಟೆ ಕತ್ತರಿಸುತ್ತಿದ್ದ.