ಲಾಸ್ತ್ರಿಯ ಮದುವೆಗೆ ಕೈ ಎತ್ತಿದವರು

ಇಡೀ ಜಾವಾ ದ್ವೀಪದ ಹಾಡು, ಕಥೆಗಳನ್ನೆಲ್ಲ ವಿಂಗಡಿಸಿ ಸಾಲಾಗಿ ನಿಲ್ಲಿಸಿದವನು ನಾನೇ. ಸುಳ್ಳು. ಸೋಲೊ ಊರಿನ ನಮ್ಮ ಗಲ್ಲಿಯದ್ದನ್ನು ಮಾತ್ರ. ಅದನ್ನೂ ನನ್ನ ಮನೆಯ ಸರ್ವರ್ ಪೆಟ್ಟಿಗೆ ಮಾಡಿತು, ನಾನು ಪ್ಲಗ್ ಚುಚ್ಚಿದೆ.

ಆ ಪೆಟ್ಟಿಗೆಯಿಂದ ಮನೆಮನೆಯ ಸ್ಪೀಕರಿಗೆ ಹಾಡುಗಳೂ, ಯಾರೋ ಓದಿ ಧ್ವನಿಮುದ್ರಿಸಿದ ಒಂದು ಕಾದಂಬರಿಯೂ ಹೋಗತೊಡಗಿದವು. ಸಾರ್ವಜನಿಕ ಹಿತದೃಷ್ಟಿಯಿಂದ, ಗಲ್ಲಿಯ ಮುಖ್ಯಸ್ಥರಾದ ಪಾಕ್ ಸುಮರ್ಲಾನ್ ಅವರ ಅಧ್ಯಕ್ಷತೆಯಲ್ಲಿ ಶ್ರವಣ ಸುವ್ಯವಸ್ಥಾ ಸಮಿತಿ ರಚನೆಯಾಗಿ, ನನ್ನ ಪಾಸ್‌ವರ್ಡನ್ನು ತನ್ನ ಸುಪರ್ದಿಗೆ ತೆಗೆದುಕೊಂಡಿತು. ಆದೇಶ ಹೊರಟಿತು: "ಹಾಡುಗಳನ್ನು ಯಂತ್ರವು ಇಸ್ಪೀಟಿನ ಎಲೆಗಳಂತೆ ಕಲಸಿ ನುಡಿಸತಕ್ಕದ್ದು. ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಕ್ರಮವಾಗಿ ನುಡಿಸತಕ್ಕದ್ದು, ಯಾರೂ ನಿಲ್ಲಿಸಕೂಡದು. ಪುಸ್ತಕದ ಖಾನೆಯಲ್ಲಿ ಒಂದೇ ಪುಸ್ತಕ ಇರತಕ್ಕದ್ದು."

ಮರುದಿನವೇ ಅಧ್ಯಕ್ಷರು ತಾವು ಹಾಡಿದ, ಕ್ರೊಂಚೊಂಗ್ ಎಂಬ ಹಳೆಯ ಧಾಟಿಯ ಹಾಡುಗಳನ್ನೆಲ್ಲ ಸೇರಿಸಿ ಪುಸ್ತಕವೆಂದು ಘೋಷಿಸಿದರು. ದಿನಾ ಸಂಜೆ ಐದಕ್ಕೆ. ಕಾದಂಬರಿ ಹಾಡಿನ ಖಾನೆಗೆ ವರ್ಗವಾಯಿತು.

ಸೋಯಾಕಾಳಿನ ತೆಂಪೆ ಬಿಲ್ಲೆ ಕರಿದು ಮಾರುವ ಬು ವಾಗಿರಾ ಜಾಲರಿ ಸೌಟು ಹಿಡಿದೇ ಅಧ್ಯಕ್ಷರ ಬಳಿಗೆ ಬಂದರು. ನಮ್ಮಲ್ಲಿ ಗಂಡಸರಿಗೆ ಪಾಕ್, ಹೆಂಗಸರಿಗೆ ಬು ಅನ್ನುವುದು ಮರ್ಯಾದೆ. ಅರ್ಧ ಕಾದಂಬರಿ ಕೇಳಿದ್ದರು. ನಾಯಕಿ ಲಾಸ್ತ್ರಿಗೂ ದೋಣಿಕಾರನಿಗೂ ಮದುವೆಯಾಗುತ್ತದೋ ಇಲ್ಲವೋ ತಿಳಿಯದೆ ಆಕೆಗೆ ನಿದ್ದೆಯಿರಲಿಲ್ಲ.

"ಏನ್ ಪಾಕ್ ಇದು? ನಿನ್ನೆ ಲಾಸ್ತ್ರಿ ಹಡಗು ಹತ್ತಿದ್ಲು, ಮಧ್ಯೆ ಯಾವುದೋ ಕುಣಿಯೋ ಹಾಡು, ಇವತ್ತು ನೋಡಿದ್ರೆ ತೊಟ್ಟಿಲಲ್ಲಿ ಹಾಲು ಕುಡೀತಿದಾಳೆ!"

"ಹಾಡು ಅಂದ್ಮೇಲೆ ಹಾಗೇ, ಬು. ನಂದು ಪುಸ್ತಕ. ನೋಡಿ, ಎಷ್ಟು ಕ್ರಮವಾಗಿ ಬರುತ್ತೆ."

"ನಿಮ್ಮ ಪುಸ್ತಕ ಕೇಳಿ ಕೇಳಿ ನನ್ನ ಕೋಳಿಗಳು ಮೊಟ್ಟೆ ಇಡೋದೇ ಬಿಟ್ಟಿವೆ."

ಕೋಳಿಗಳು ಗಲ್ಲಿಯ ನೋಂದಾಯಿತ ನಿವಾಸಿಗಳಲ್ಲದ ಕಾರಣ ಆಕ್ಷೇಪಣೆ ತಿರಸ್ಕೃತವಾಯಿತು.

ಕೊನೆಗೊಂದು ಸಂಜೆ, ಹಾಡುಗಳ ನಡುವೆ ಕಾದಂಬರಿಯ ಕಡೆಯ ಅಧ್ಯಾಯವೇ ಬಂತು. ಗಲ್ಲಿಗೆ ಗಲ್ಲಿಯೇ ಕಿವಿ ನಿಮಿರಿಸಿ ಕೂತಿತು. ದೋಣಿಕಾರ ಲಾಸ್ತ್ರಿಯ ಕೈ ಹಿಡಿದು "ನನ್ನನ್ನು..." ಎಂದ. ಐದು ಗಂಟೆಯಾಯಿತು. ಅಧ್ಯಕ್ಷರು ಹಾಡತೊಡಗಿದರು. ಒಮ್ಮೆ ನುಡಿದದ್ದು ಮತ್ತೆ ಬರಬೇಕಾದರೆ ಪೆಟ್ಟಿಗೆಯ ಹಾಡುಗಳೆಲ್ಲ ಮುಗಿಯಬೇಕು. ಮುಂದಿನ ರಂಜಾನಿಗೂ ಭರವಸೆಯಿಲ್ಲ.

ಬು ವಾಗಿರಾ ಒಲೆ ಆರಿಸಿಬಿಟ್ಟರು. "ಆ ಹುಡುಗಿ ಗತಿ ಏನಾಯ್ತು ಅಂತ ಗೊತ್ತಾಗೋ ತನಕ ಯಾರಿಗೂ ತೆಂಪೆ ಇಲ್ಲ."

ತೆಂಪೆಯಿಲ್ಲದ ಎರಡನೇ ದಿನ ಅಧ್ಯಕ್ಷರು ತುರ್ತು ಸಭೆ ಕರೆದರು. ಅವರ ಪುಸ್ತಕವನ್ನು ನಿಲ್ಲಿಸುವ ಪ್ರಶ್ನೆಯೇ ಇರಲಿಲ್ಲವಾದ್ದರಿಂದ ಮದುವೆಯನ್ನು ಮತಕ್ಕೆ ಹಾಕಲಾಯಿತು. ಎಲ್ಲರೂ ಕೈ ಎತ್ತಿದರು. ಬು ವಾಗಿರಾ ಎರಡೂ ಕೈ ಎತ್ತಿದರು. ಒಂದನ್ನು ದೋಣಿಕಾರನ ಒಪ್ಪಿಗೆಯೆಂದು ಪರಿಗಣಿಸಲಾಯಿತು.

ಒಲೆ ಹೊತ್ತಿತು. ಮದುವೆಯೂಟಕ್ಕೆ ಹಳದಿ ಅನ್ನದ ಗೋಪುರ ಎದ್ದಿತು.

"ಹುಡುಗ ಪರವಾಗಿಲ್ಲ," ಎಂದು ಬು ವಾಗಿರಾ ಕಣ್ಣೊರೆಸಿಕೊಂಡರು. "ಮಾತು ಸ್ವಲ್ಪ ಕಮ್ಮಿ, ಅಷ್ಟೇ."

ನಾನು ಹೆಣ್ಣಿನ ಕಡೆಯವನಾಗಿ ಉಂಡೆ, ಆಮೇಲೆ ಗಂಡಿನ ಕಡೆಯವನಾಗಿಯೂ ಉಂಡೆ. ಎರಡು ಕಡೆಗೂ ಮುಯ್ಯಿ ಹಾಕಿ ಜೇಬು ಬರಿದಾಗಿದೆ. ಈ ಚಹಾದ ಕಾಸು ನೀವೇ ಕೊಟ್ಟುಬಿಡಿ.