ಓಟದ ದಾರಿಯಲ್ಲಿ ಮದುವೆ ಹೇಳಿಕೆ

ಎಲ್ಲದಕ್ಕೂ ಕಾರಣ ರಾಮಪ್ರಸಾದನ ಕಾಲು. ಅಡ್ವೆಂಚರ್ ರೇಸು ಹತ್ತಿರ ಬಂದಾಗಲೇ ಅವನು ಬಚ್ಚಲಿನಲ್ಲಿ ಜಾರಿ ಬಿದ್ದು ಪಾದ ಉಳುಕಿಸಿಕೊಂಡ. ಅವನ ಜೋಡಿಯಾಗಿ ಓಡಬೇಕಿದ್ದ ಮೂಡುಬಿದಿರೆಯ ಹೈಸ್ಕೂಲ್ ಮಾಸ್ಟ್ರು ಶಶಿಕಿರಣ ತಲೆಯ ಮೇಲೆ ಕೈಹೊತ್ತು ಕೂತ.

ಮೂರು ವರ್ಷದಿಂದ ಈ ರೇಸಿನಲ್ಲಿ ಶಶಿಕಿರಣ ಎರಡನೆಯವನು. ಮೂರು ಸಲವೂ ಫಸ್ಟ್ ಬಂದವನು ಅದೇ ಶಾಲೆಯ ಲೆಕ್ಕದ ಮಾಸ್ಟ್ರು ನಿತ್ಯಾನಂದ. ಸ್ಟಾಫ್ ರೂಮಿನಲ್ಲಿ ಶಶಿಕಿರಣನಿಗೆ 'ಸೆಕೆಂಡ್ ಶಶಿ' ಎಂದೇ ಹೆಸರು. ಈ ಸಲ ಗೆಲ್ಲದಿದ್ದರೆ ಆ ಹೆಸರು ನಿವೃತ್ತಿಯವರೆಗೂ ಬಿಡುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

"ನಾನು ಬರ್ತೇನೆ ಮಾಸ್ಟ್ರೇ," ಎಂದರು ಬಟ್ಟೆ ಅಂಗಡಿಯ ಅಬೂಬಕ್ಕರ್. ಐವತ್ತು ದಾಟಿದ ಮನುಷ್ಯ, ರೇಸು ಎಂಬುದನ್ನು ಕಂಡವರೇ ಅಲ್ಲ. ಪೋಸ್ಟರಿನಲ್ಲಿದ್ದ ದಾರಿಯ ಮೇಲೆ ಬೆರಳಾಡಿಸಿದರು. ಮೂಡುಬಿದಿರೆಯಿಂದ ಲಾಯಿಲಕ್ಕೆ ಸೈಕಲ್, ಅಲ್ಲೊಂದು ಗುಡ್ಡ ಹತ್ತಿ ಇಳಿದು ಬಂಟ್ವಾಳಕ್ಕೆ ಮತ್ತೆ ಸೈಕಲ್, ಕೊನೆಗೆ ನೇತ್ರಾವತಿಯಲ್ಲಿ ದೋಣಿ. "ಭಾರೀ ಒಳ್ಳೆ ದಾರಿ. ನನಗೆ ಬೇಕಾದವರೆಲ್ಲ ಇದರಲ್ಲೇ ಇದ್ದಾರೆ." ಬೇರೆ ಗತಿಯಿಲ್ಲದ ಶಶಿಕಿರಣ ಆ ಮಾತಿಗೆ ಗಮನ ಕೊಡದೆ ಒಪ್ಪಿಕೊಂಡ.

ಆದಿತ್ಯವಾರ ಬೆಳಿಗ್ಗೆ ಸೀಟಿ ಊದಿದ್ದೇ ತಡ, ಅಬೂಬಕ್ಕರ್ ಸೈಕಲ್ ತುಳಿದ ರಭಸಕ್ಕೆ ಶಶಿಕಿರಣ ಬಾಯಿ ಬಿಟ್ಟು ನೋಡಿದ. ಎಂಥ ಕಾಲು ಮಾರಾಯ್ರೇ ಅವು! ವೇಣೂರಿಗೆ ಮುಟ್ಟುವಾಗ ನಿತ್ಯಾನಂದನ ಜೋಡಿ ಕಣ್ಣಿಗೇ ಕಾಣದಷ್ಟು ಹಿಂದೆ. ಅಷ್ಟರಲ್ಲಿ ಅಬೂಬಕ್ಕರ್ ಒಂದು ಮನೆಯ ಗೇಟಿನ ಮುಂದೆ ಬ್ರೇಕ್ ಹಾಕಿದರು.

"ಎಂತಾಯಿತು ಕಾಕ? ಪಂಚರಾ?"

"ಬರುವ ಆದಿತ್ಯವಾರ ಮಗಳು ಫಾಹಿಮಾಳ ಮದುವೆ ಉಂಟಲ್ಲ. ಸಮದ್‌ನ ಮನೆಗೆ ಹೇಳಿಕೆ ಬಾಕಿ." ಬೆನ್ನಿನ ಚೀಲ ಬಿಚ್ಚಿದರು. ನೀರು, ಬ್ಯಾಂಡೇಜು ಇರಬೇಕಾದಲ್ಲಿ ಮದುವೆ ಕಾಗದಗಳ ಕಟ್ಟು!

"ಅಯ್ಯೋ, ವಾಟ್ಸಾಪ್ ಮಾಡಿ ಕಾಕ!"

"ವಾಟ್ಸಾಪಿನಲ್ಲಿ ಕರೆದರೆ ಮನೆಗೆ ಬಂದು ಕರೆದ ಹಾಗೆ ಆಗ್ತದಾ? ನೀವೇ ಹೇಳಿ, ನೀವು ಹೋಗ್ತೀರಾ?"

ಶಶಿಕಿರಣ ಹೋಗುತ್ತಿರಲಿಲ್ಲ. ಹೋದ ವರ್ಷ ಸ್ವಂತ ಭಾವನ ಗೃಹಪ್ರವೇಶಕ್ಕೂ ಇದೇ ಕಾರಣಕ್ಕೆ ಹೋಗಿರಲಿಲ್ಲ.

ಕೊಟ್ಟದ್ದನ್ನು ಮುಟ್ಟದೆ ಎದ್ದರೆ ಮನೆಯವರಿಗೆ ಬೇಸರ. ಸಮದ್‌ನ ಮನೆಯಲ್ಲಿ ಶರಬತ್ತು, ಗುರುವಾಯನಕೆರೆಯಲ್ಲಿ ಬೆಲ್ಲ-ನೀರು, ಅದರಾಚೆ ಗೋಳಿಬಜೆ. ಅವರು ಒಳಗೆ ಕೂತಾಗ ನಿತ್ಯಾನಂದ ದಾಟಿ ಹೋಗುವುದು, ರಸ್ತೆಗಿಳಿದ ಅಬೂಬಕ್ಕರ್ ಅವನನ್ನು ಮತ್ತೆ ಹಿಂದೆ ಹಾಕುವುದು, ಹೀಗೆಯೇ ನಡೆಯಿತು. ಲಾಯಿಲದ ಒಂದು ಮನೆಗೆ ಮಾತ್ರ ಬೀಗ. ಆ ದಿನ ಶಶಿಕಿರಣನಿಗೆ ಇಷ್ಟವಾದ ಮನೆ ಅದೊಂದೇ.

ಅಬೂಬಕ್ಕರ್ ಮುಖ ಸಣ್ಣ ಮಾಡಿಕೊಂಡರು. "ನನ್ನ ಟೀಚರ ಮನೆ. ಶಾಲೆಗೆ ಹೋಗುವಾಗ ಮಧ್ಯಾಹ್ನದ ಊಟ ನನಗೆ ಅವರ ಬುತ್ತಿಯಲ್ಲೇ. ಅವರಿಗೆ ಹೇಳದೆ ಎಂತ ಮದುವೆ?"

ಗುಡ್ಡದ ನಡುವೆ ಗೋಳಿಬಜೆ ಎದೆಗೇರಿ ಶಶಿಕಿರಣ ಕುಕ್ಕರಿಸಿದ. ಅಬೂಬಕ್ಕರ್ ಅವನ ಚೀಲವನ್ನೂ ತಾವೇ ಹೊತ್ತು, ತೋಳು ಹಿಡಿದು ಎಳೆದುಕೊಂಡೇ ಹೋದರು. "ನಿಮ್ಮನ್ನು ಫಸ್ಟ್ ಮಾಡಿಯೇ ಸಿದ್ಧ ಮಾಸ್ಟ್ರೇ, ನಡೀರಿ." ಇಂಥ ಜೋಡಿ ಮೊದಲೇ ಸಿಗಬಾರದಿತ್ತೇ ಎಂದು ಶಶಿಕಿರಣನ ಕಣ್ಣು ತುಂಬಿ ಬಂತು.

ನೇತ್ರಾವತಿಯಲ್ಲೂ ಅವರದ್ದೇ ದೋಣಿ ಮೊದಲು ದಡ ಮುಟ್ಟಿತು. ಇನ್ನು ಮರಳಿನ ಮೇಲೆ ಓಡಿ, ಜೋಡಿಯಿಬ್ಬರೂ ಕೈ ಹಿಡಿದು ರಿಬ್ಬನ್ ದಾಟಿದರೆ ಆಯಿತು. ನಿತ್ಯಾನಂದ ಇನ್ನೂ ನೀರಿನಲ್ಲೇ ಹುಟ್ಟು ಹಾಕುತ್ತಿದ್ದ.

ರಿಬ್ಬನ್ ಕೈಗೆಟುಕುವಷ್ಟರಲ್ಲಿ ಅಬೂಬಕ್ಕರ್ ಗಕ್ಕನೆ ನಿಂತರು. ಶಾಮಿಯಾನದಡಿ ಕುರ್ಚಿಯಲ್ಲಿ ಬಿಳಿ ಕೂದಲಿನ ಅಜ್ಜಿಯೊಬ್ಬರು ಕೂತಿದ್ದರು.

"ಯಾ ಅಲ್ಲಾ, ವಾಗ್ದೇವಿ ಟೀಚರ್!"

"ರಿಬ್ಬನ್ ದಾಟಿ ಆಮೇಲೆ ಹೋಗುವ ಕಾಕ, ಕೈ ಮುಗಿತೇನೆ!"

"ಟೀಚರನ್ನು ಕಂಡೂ ಕಾಣದ ಹಾಗೆ ಓಡುವುದಾ? ನೀವು ಮಾಸ್ಟ್ರಾಗಿ ಹಾಗೆ ಹೇಳಬಾರದು."

ಕೈ ಬಿಡಿಸಿಕೊಂಡು ಹೋದವರು ಶೂ ಕಳಚಿ, ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿ ನಿಂತರು. "ಮಗಳ ಮದುವೆ ಟೀಚರ್. ಮನೆಯವರೆಲ್ಲ ಬರಬೇಕು."

"ನಮ್ಮ ಅಬೂಬಕ್ಕರನಾ? ನಿನಗೆ ಮದುವೆಗೆ ಬಂದ ಮಗಳಾ!" ಟೀಚರ್ ಅವರ ತಲೆ ಸವರಿದರು. ಹುಡುಗ ಎಲ್ಲಿಯವನು, ಎಂತ ಕೆಲಸ, ಹೆಂಡತಿ ಹೇಗಿದ್ದಾಳೆ, ಎಲ್ಲವನ್ನೂ ಸಾವಕಾಶವಾಗಿ ವಿಚಾರಿಸಿದರು. ರಿಬ್ಬನ್ ಮುಂದೆ ಒಂಟಿಯಾಗಿ ನಿಂತ ಶಶಿಕಿರಣನ ಪಕ್ಕದಲ್ಲೇ ನಿತ್ಯಾನಂದನ ಜೋಡಿ ಕೈ ಹಿಡಿದುಕೊಂಡು ದಾಟಿ ಹೋಯಿತು.

ಶಶಿಕಿರಣ ಬೈಯಲು ಬಾಯಿ ತೆರೆದ. ಐವತ್ತು ದಾಟಿದ ಮನುಷ್ಯ ಒಂದನೇ ಕ್ಲಾಸಿನ ಹುಡುಗನ ಹಾಗೆ ಕೈಕಟ್ಟಿ ನಿಂತದ್ದನ್ನು ಕಂಡವನಿಗೆ ಬೈಗುಳವೇ ಮರೆತುಹೋಯಿತು. ತನ್ನ ಶಿಷ್ಯರಲ್ಲಿ ಒಬ್ಬನಾದರೂ ತನ್ನನ್ನು ಕಂಡು ಹೀಗೆ ನಿಂತಾನೆಯೇ? ಮನುಷ್ಯ ಅಂದರೆ ಇವರು, ಎಂದುಕೊಂಡ.

ಅಷ್ಟರಲ್ಲಿ ನಿತ್ಯಾನಂದ ಬೆವರೊರೆಸುತ್ತ ಬಂದು ಟೀಚರ ಕಾಲು ಮುಟ್ಟಿದ. "ಅಮ್ಮಾ, ಈ ಸಲವೂ ನಾನೇ ಫಸ್ಟ್! ನೀವು ಮನೆಗೆ ಬೀಗ ಹಾಕಿ ಬಂದದ್ದು ಒಳ್ಳೆಯದೇ ಆಯಿತು."

ಅಬೂಬಕ್ಕರ್ ಹಿಗ್ಗಿಹೋದರು. "ನೀವು ಟೀಚರ ಮಗನಾ? ಹಾಗಾದರೆ ಗೆದ್ದದ್ದು ನಮ್ಮವರೇ ಮಾಸ್ಟ್ರೇ!"

ಸೆಕೆಂಡ್ ಶಶಿ ಮರಳಿನ ಮೇಲೆ ಕುಸಿದು ಕೂತ. ಅಬೂಬಕ್ಕರ್ ಪಕ್ಕದಲ್ಲಿ ಕೂತು ಹೆಗಲಿಗೆ ಕೈ ಹಾಕಿದರು. "ಬೇಸರ ಮಾಡಬೇಡಿ. ಬರುವ ವರ್ಷ ಸಣ್ಣ ಮಗಳ ಮದುವೆ ಉಂಟು. ರೇಸಿನ ದಾರಿ ಇದೇ ಅಲ್ವಾ?"

ನಾನಿಲ್ಲಪ್ಪ ಎನ್ನಬೇಕೆಂದಿದ್ದ ಶಶಿಕಿರಣ ಆ ಮುಖ ನೋಡಿ ನಿಟ್ಟುಸಿರಿಟ್ಟ.

"ಇದೇ ಕಾಕ. ಟೀಚರ ಮನೆಗೆ ಮಾತ್ರ ಹಿಂದಿನ ದಿನವೇ ಹೋಗಿ ಬರುವ."