ಹಲ್ಲು ನೋಡಿ ತಂದ ಪೆಟಗಿ

ತಾಳ ತಪ್ಪಿದ್ದು ಒಂದೇ ಸಲ. ಹೆಚ್ಚೆಂದರೆ ಎರಡು ಸಲ. ಅಷ್ಟಕ್ಕೇ ಮರಿಲಿಂಗಪ್ಪ ಭಜನೆಯನ್ನು ನಡುವೆ ನಿಲ್ಲಿಸಿ, ಊರ ಮಂದಿಯ ಮುಂದೆ ಪಂಪಣ್ಣನ ಕೈಯಿಂದ ತಾಳ ಕಸಿದುಕೊಂಡುಬಿಟ್ಟ.

“ಲೇ ಪಂಪಣ್ಣ, ನೀ ತಾಳ ಹಾಕಾಕತ್ತೀಯೋ, ಬೆಳಿಯಾಗ ಹಕ್ಕಿ ಓಡಸಾಕತ್ತೀಯೋ?”

ಮಠದ ತುಂಬ ನಗು. ಮರಿಲಿಂಗಪ್ಪ ಮೇಳದ ಹಿರಿಯ. ಅವನು ನಕ್ಕರೆ ಉಳಿದವರು ನಗಲೇಬೇಕು, ನಗು ಬರದಿದ್ದರೂ.

“ಇವತ್ತಿಂದ ಮೇಳದ ಸಾಮಾನಿಗೆ ನೀ ಕೈ ಹಚ್ಚಬ್ಯಾಡ. ಮೇಳದ ಸಾಮಾನು ಮೇಳದವರಿಗೆ ಅಷ್ಟ. ಬಾರಸೂ ಹುಚ್ಚು ಅಷ್ಟಿದ್ರ ನಿಂದಂತ ಒಂದು ಸಾಮಾನು ತಗೊಂಡು ಬಾ. ಬಂದ ದಿನ ನನ್ನ ಬಾಜೂಕ ಜಾಗಾ ಕೊಡ್ತೀನಿ. ಅಲ್ಲೀತನಕ ಹೊರಗ ಕುಂಡ್ರು!”

ಹೊರಗೆ ಕೂಡಬೇಕಂತೆ! ಶಹಾಪುರದ ದನದ ಸಂತೆಯಲ್ಲಿ ಯಾರ ಮಾತಿಲ್ಲದೆ ಒಂದು ಎತ್ತೂ ಒಡೆಯನನ್ನು ಬದಲಿಸುವುದಿಲ್ಲವೋ, ಅಂಥ ದಲಾಲಿ ಪಂಪಣ್ಣ ಚಪ್ಪಲಿಗಳ ಪಕ್ಕ ಕೂತು ಭಜನೆ ಕೇಳಬೇಕಂತೆ! ಭಜನೆ ಸೋಮವಾರಕ್ಕೊಮ್ಮೆ. ಆ ಸೋಮವಾರದಿಂದ ಮುಂದಿನ ಸೋಮವಾರದವರೆಗೆ ಅವನು ರೊಟ್ಟಿಯ ಬದಲು ಸಿಟ್ಟನ್ನೇ ಉಂಡ.

“ಮಠದಾಗ ಜಾಗಾ ಇಲ್ಲಂದ್ರ ಮನ್ಯಾಗ ಕುಂಡ್ರಿ. ಮನ್ಯಾಗ ಯಾರು ಬ್ಯಾಡಂದಾರ?” ಎಂದಳು ಹೆಂಡತಿ ಗೊಲ್ಲಾಳಮ್ಮ.

“ಮರ್ಯಾದಿ ಅಂದ್ರೇನು ಗೊತ್ತದೇನು ನಿನಗ? ಇವತ್ತ ಸಂಜಿಕ ಮರಿಲಿಂಗಪ್ಪನ ಬಾಜೂಕ ಕುಂಡ್ರಲಿಲ್ಲಂದ್ರ ನನ್ನ ಹೆಸರ ತಗದಬಿಡು!”

ಮೇಳದಲ್ಲಿ ಏಕತಾರಿ ಇತ್ತು, ಡಗ್ಗಾ ಇತ್ತು. ಹಾರ್ಮೋನಿಯಂ ಪೆಟ್ಟಿಗೆ ಮಾತ್ರ ಹುಣಸಗಿಯ ಸುತ್ತಿನ ಯಾವ ಹಳ್ಳಿಯ ಮೇಳದಲ್ಲೂ ಇರಲಿಲ್ಲ. ಅದನ್ನೇ ತರುವುದೆಂದು ನಿಶ್ಚಯಿಸಿ ಪಂಪಣ್ಣ ಕೋಳಿ ಕೂಗುವ ಹೊತ್ತಿಗೆ ಬಂಡಿ ಹೂಡಿದ. ಪೆಟ್ಟಿಗೆ ಸಿಗುವುದು ತಾಳಿಕೋಟೆಯಲ್ಲಿ. ಆಗ ನಮ್ಮ ಕಡೆ ನಿಜಾಮರ ರಾಜ್ಯ, ಮೊಗಲಾಯಿ; ಹಳ್ಳ ದಾಟಿದರೆ ಇಂಗ್ರೇಜರ ಸೀಮೆ, ಅವರ ಹದ್ದು.

ಕರೆಯದಿದ್ದರೂ ಬಂಡಿ ಏರಿದವನು ನೆರೆಮನೆಯ ಮೌನಪ್ಪ, ಮೇಳದಲ್ಲಿ ಡಗ್ಗಾ ಬಾರಿಸುವವನು. ಹೆಸರಿಟ್ಟವರು ಯಾವ ನಂಬಿಕೆಯ ಮೇಲೆ ಇಟ್ಟರೋ. ಅವನ ಬಾಯಿ ಹಿಟ್ಟಿನ ಗಿರಣಿಯಂತೆ ಕಾಳು ಇರಲಿ ಬಿಡಲಿ ತಿರುಗುತ್ತಲೇ ಇರುತ್ತಿತ್ತು.

“ವಾದ್ಯದ ವಿಷಯ ನನಗ ಬಿಡಣ್ಣ. ನೀ ಬರೇ ಎತ್ತು ಬಲ್ಲಿ.”

“ಎತ್ತು ಆರಸಾಂವ ಏನ ಬೇಕಾದ್ದು ಆರಸ್ತಾನ, ಸುಮ್ಮನ ಕುಂಡ್ರು!”

ತಾಳಿಕೋಟೆಯ ನಬಿಸಾಬನ ಅಂಗಡಿಯಲ್ಲಿ ಗೋಡೆಗೆ ಒಂದು ವಿಚಿತ್ರ ವಾದ್ಯ ತೂಗುತ್ತಿತ್ತು. ನಡು ಸಣ್ಣದು, ಹೊಟ್ಟೆ ದೊಡ್ಡದು, ಆರು ತಂತಿ.

“ಅದು ಗಿಟಾರ್ ಅಂತ್ರಿ. ರೇಲ್ವೆ ಗಾರ್ಡ ಸಾಹೇಬ ಬಿಟ್ಟು ಹೋಗ್ಯಾನ. ಹೊಸದಾಗಿ ಕಲಿಯವರಿಗೆ ಛೊಲೊ ಅದ,” ಎಂದ ನಬಿಸಾಬ.

“ಏಕತಾರಿಗೆ ಒಂದ ತಂತಿ. ಅದರಾಗ ಮೋಕ್ಷ ಸಿಗತದ ಅಂತಾರ,” ಎಂದ ಮೌನಪ್ಪ. “ಆರು ತಂತಿ ಹಚ್ಚಿದ ಸಾಹೇಬ ಮತ್ತ ಎಲ್ಲಿಗೆ ಹೋಗಾಂವಿದ್ದ?”

ಪೆಟ್ಟಿಗೆಗಳನ್ನೇ ತೋರಿಸಲು ಹೇಳಿ ಪಂಪಣ್ಣ ಧೋತರ ಮೇಲೆತ್ತಿ ಕುಕ್ಕರಗಾಲಲ್ಲಿ ಕುಳಿತ. ಮೊದಲನೆಯದರ ಮುಚ್ಚಳ ತೆಗೆಸಿ ಬಾರಿಸುವ ಬಿಳಿ ಮನೆಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಅಲುಗಾಡಿಸಿದ.

“ಏನ್ ಮಾಡಾಕತ್ತೀರಿ?” ನಬಿಸಾಬ ಗಾಬರಿಯಾದ.

“ಹಲ್ಲು ನೋಡಾಕತ್ತೀನಿ. ಎಲ್ಲಾ ಹಲ್ಲೂ ಬಂದಾವ, ಬಾಯಿಗೂಡ್ಯಾದ, ಪೂರಾ ವಯಸ್ಸಿಗೆ ಬಂದದ. ಆದ್ರ ನಡುನಡುವ ಇಷ್ಟು ಹಲ್ಲು ಯಾಕ ಕರ್ರಗಾಗ್ಯಾವ?”

“ಅವು ಹುಟ್ಟಾ ಕರೀವ ಇರತಾವ್ರಿ!”

“ತಂಬಾಕ ತಿಂದಿರಬೇಕು,” ಎಂದ ಮೌನಪ್ಪ.

ಎರಡನೆಯ ಪೆಟ್ಟಿಗೆಯ ಬೆನ್ನಿನ ಕಟ್ಟಿಗೆಯಲ್ಲಿ ದುಂಡನೆಯ ಗಂಟಿತ್ತು. ಪಂಪಣ್ಣ ಅದನ್ನು ಸವರಿ ತಲೆಯಾಡಿಸಿದ. “ಬೆನ್ನಮ್ಯಾಗ ಸುಳಿ ಅದ. ಇದು ಕಟ್ಟಿದ ಮನಿಗೆ ಏಳಿಗಿ ಇಲ್ಲ.” ಮೂರನೆಯದರ ಗಾಳಿಚೀಲ ಒತ್ತಿದರೆ ಬುಸ್ಸೆಂದಿತು. “ಇದಕ್ಕ ಉಬ್ಬಸ.” ನಾಲ್ಕನೆಯದಕ್ಕೆ ಸುಳಿಯಿಲ್ಲ, ಉಬ್ಬಸವಿಲ್ಲ. ಪಕ್ಕೆಗೆ ಒಂದು ಗುದ್ದು ಕೊಟ್ಟ, ಬೆದರಲಿಲ್ಲ. ಅದೇ ಆಯಿತು.

ದರ ಹೇಳಬೇಕಲ್ಲ. ಹೆಗಲ ಮೇಲಿನ ರುಮಾಲನ್ನು ನಬಿಸಾಬನ ಕೈಮೇಲೆ ಹೊದಿಸಿ, ಸಂತೆಯ ಪದ್ಧತಿಯಂತೆ ಒಳಗಿಂದ ಅವನ ಎರಡು ಬೆರಳು ಹಿಡಿದು ಹಿಸುಕಿದ.

“ತೋಬಾ! ಕೈ ಬಿಡ್ರಿ!” ನಬಿಸಾಬ ಚೇಳು ಕಡಿದವನಂತೆ ಜಿಗಿದ. “ನಡು ಬಜಾರದಾಗ ಏನಿದು?”

“ದರ ಹೇಳಾಕತ್ತೀನಿ!”

“ದೇವರು ಬಾಯಿ ಕೊಟ್ಟಿಲ್ಲೇನು ನಿಮಗ?”

“ಬಾಯಾಗ ದರ ಹೇಳಿದ್ರ ನಾಕು ಮಂದಿ ಕೇಳತಾರ. ವ್ಯಾಪಾರದ ಮರ್ಯಾದಿ ಗೊತ್ತಿಲ್ಲದ ಊರು ಇದು!”

ಅಂತೂ ವ್ಯಾಪಾರ ಮುಗಿಯಿತು. ಹೊಸ ಎತ್ತಿಗೆಂದು ಬಂಡಿಯಲ್ಲಿಟ್ಟುಕೊಂಡಿದ್ದ ಒಳ್ಳೆಯ ಹಗ್ಗದಿಂದ ಪೆಟ್ಟಿಗೆಯನ್ನು ಬಿಗಿದು, ಮಗ್ಗುಲಲ್ಲಿ ಕೂಡಿಸಿಕೊಂಡು ಪಂಪಣ್ಣ ಊರ ದಾರಿ ಹಿಡಿದ.

ಹಳ್ಳ ದಾಟಿದೊಡನೆ ಮೊಗಲಾಯಿಯ ಸುಂಕದ ನಾಕಾ. ಬೇವಿನ ಗಿಡದ ಕೆಳಗೆ ಹೊರಸಿನ ಮೇಲೆ ಕೂತಿದ್ದ ನಾಕಾದ ಸಿಪಾಯಿ ಸರದಾರಸಾಬ, ಮದರಂಗಿ ಹಚ್ಚಿದ ಗಡ್ಡ ಸವರುತ್ತ ಬಂಡಿಯನ್ನು ಇಣುಕಿದ.

“ಹೊಸ ಮಾಲು. ಸುಂಕ ಬೀಳತದ. ಎಷ್ಟಂತ ಹೇಳೂ ಸಾಹೇಬರು ಗುರುವಾರ ಬರ್ತಾರ. ಅಲ್ಲೀತನಕ ಪೆಟಗಿ ಇಲ್ಲೇ ಇರಲಿ.”

ಗುರುವಾರ! ಭಜನೆ ಇವತ್ತು ಸಂಜೆ! ಸುಂಕ ಈಗಲೇ ತೆಗೆದುಕೊಳ್ಳಿ ಎಂದು ಪಂಪಣ್ಣ ಬಾಯಿ ತೆರೆಯುವಷ್ಟರಲ್ಲಿ ಮೌನಪ್ಪನ ಗಿರಣಿ ಶುರುವಾಗಿತ್ತು.

“ಹೊಸಾದು ಎಲ್ಲೀದ್ರಿ ಸಾಹೇಬ್ರ? ನಮ್ಮ ಪಂಪಣ್ಣನ ಸ್ವಂತದ್ದು. ಎಂಟು ವರ್ಷ ಆತು ಬಾರಸಾಕತ್ತು. ತಾಳಿಕ್ವಾಟಿಗೆ ರಿಪೇರಿಗೆ ಒಯ್ದಿದ್ವಿ.”

ಸರದಾರಸಾಬನ ಮುಖ ಅರಳಿತು. “ಹೌದಾ? ಸ್ವಂತದ ಹಳೇ ಸಾಮಾನಿಗೆ ಸುಂಕಿಲ್ಲ. ಬಾರಸು ಭಾಯಿ. ಎಷ್ಟು ದಿನ ಆತು ಗಾನಾ ಕೇಳಿ!”

ಪಂಪಣ್ಣ ಮೌನಪ್ಪನನ್ನು ನೋಡಿದ ನೋಟಕ್ಕೆ ಹಸಿ ಕಟ್ಟಿಗೆಯೂ ಹೊತ್ತಿಕೊಳ್ಳಬೇಕಿತ್ತು. ಬೇರೆ ದಾರಿಯಿಲ್ಲ. ಹಗ್ಗ ಬಿಚ್ಚಿ, ಗಾಳಿಚೀಲ ಎಳೆದು, ಹತ್ತೂ ಬೆರಳು ಒಮ್ಮೆಲೇ ಊರಿದ. ಬಾವಿಗೆ ಬಿದ್ದ ಎಮ್ಮೆ ತನ್ನ ಬಳಗವನ್ನೆಲ್ಲ ಕರೆದಂಥ ಸದ್ದು ಎದ್ದಿತು. ಬೇವಿನ ಗಿಡದ ಕಾಗೆಗಳು ಇಂಗ್ರೇಜರ ಹದ್ದಿಗೆ ಹಾರಿದವು. ಬಂಡಿಯ ಎತ್ತುಗಳು ನೊಗ ಕೊಡವಿದವು.

“ಬಸ್! ಬಸ್!” ಸರದಾರಸಾಬ ಕಿವಿ ಮುಚ್ಚಿಕೊಂಡ. “ಎಂಟು ವರ್ಷ ಬಾರಿಸಿ ಹಿಂಗಂದ್ರ, ಇದನ್ನ ನಾ ಇಲ್ಲೇ ಇಟ್ಕೊಂಡ್ರ ನಿಮ್ಮ ಊರಿಗೆ ಉಪಕಾರ ಮಾಡಿದಂಗ. ಗುರುವಾರತನಕ ಇಲ್ಲೇ ಇರಲಿ.”

ಪಂಪಣ್ಣ ಅವಮಾನದಿಂದ ಕುದಿಯುತ್ತ ಪೆಟ್ಟಿಗೆ ಮುಚ್ಚಿ ಮತ್ತೆ ಹಗ್ಗ ಬಿಗಿದ. ಗಿರಣಿಗೆ ಅಷ್ಟರಲ್ಲಿ ಬೇರೆ ಕಾಳು ಸಿಕ್ಕಿತ್ತು.

“ತಪ್ಪಾತ್ರಿ. ಖರೇ ಹೇಳ್ತೀನಿ. ಇದು ಅವಂದಲ್ಲ, ದೇವರದು. ನಮ್ಮ ಮಠದ ಭಜನಿ ಮೇಳದ್ದು.”

“ದೇವರ ಸಾಮಾನಿಗೆ ನಾ ಅಡ್ಡ ಬರಂಗಿಲ್ಲ. ಮಸೂತಿದಿರಲಿ, ಮಠದ್ದಿರಲಿ. ಆದ್ರ ನಿನ್ನ ಮಾತು ಸಾಕು. ಪಂಪಣ್ಣ, ಕೊರಳಾಗ ಲಿಂಗ ಅದಲ್ಲ? ಮುಟ್ಟಿ ನೀನ ಹೇಳು.”

ಪಂಪಣ್ಣನ ಕೈ ಎದೆಯ ಹತ್ತಿರ ಹೋಗಿ ನಿಂತಿತು. ಹೊತ್ತು ಇಳಿಯುತ್ತಿತ್ತು. ಬರಿಗೈಲಿ ಹೋದರೆ ಮರಿಲಿಂಗಪ್ಪನ ನಗು, ಚಪ್ಪಲಿಗಳ ಪಕ್ಕದ ಜಾಗ. ಹೇಗೂ ಮೇಳದಲ್ಲೇ ಬಾರಿಸುವುದಲ್ಲವೆ? ಮೇಳದ್ದೆಂದರೆ ಸುಳ್ಳೇನು ಬಂತು?

“ಈ ಪೆಟಗಿ ಮೇಳದ್ರಿ,” ಎಂದ ಲಿಂಗ ಮುಟ್ಟಿ. “ಪೂರಾ ಮೇಳದ್ದು.”

“ಶಾಬಾಸ್! ಕಟ್ಟಿದ್ದು ಕಟ್ಟಿದಂಗ ತಗೊಂಡು ಹೋಗು. ಸಂಜಿಕ ನಾನೂ ಭಜನಿ ಕೇಳಾಕ ಬರ್ತೀನಿ. ಆದ್ರ ನೀ ಬಾರಸಬ್ಯಾಡ.”

ಕೊನೆಯ ಮಾತನ್ನು ಪಂಪಣ್ಣ ನುಂಗಿಕೊಂಡ. ನುಂಗಿ ನುಂಗಿ ಹೊಟ್ಟೆಯಲ್ಲಿ ಜಾಗವೇ ಉಳಿದಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಮಠ ಹೊಕ್ಕ. ಮೇಳವೆಲ್ಲ ಎದ್ದು ನಿಂತಿತು. ಮರಿಲಿಂಗಪ್ಪನ ಬಾಯಿ ತೆರೆದದ್ದು ತೆರೆದೇ ಇತ್ತು. ಪಂಪಣ್ಣನಿಗೆ ಅವನ ಹಲ್ಲು ಎಣಿಸಬೇಕೆನಿಸಿತು.

“ಅಂದ ಮಾತು ಅಂದಂಗ,” ಎಂದ ಮರಿಲಿಂಗಪ್ಪ. “ಸಾಮಾನು ತಂದೀದಿ. ಬಾ, ನನ್ನ ಬಾಜೂಕ ಕುಂಡ್ರು.”

ಕೂತ! ಚಪ್ಪಲಿಗಳ ಪಕ್ಕದಲ್ಲಲ್ಲ, ಹಿರಿಯನ ಪಕ್ಕದಲ್ಲಿ ಕೂತ. ಹಗ್ಗ ಬಿಚ್ಚಿದ. ಬಾಗಿಲಲ್ಲಿ ಹೆಂಗಸರ ನಡುವೆ ನಿಂತಿದ್ದ ಗೊಲ್ಲಾಳಮ್ಮ ಸೆರಗು ಸರಿಮಾಡಿಕೊಂಡಳು. ಅಷ್ಟು ಹೊತ್ತು ಸುಮ್ಮನಿದ್ದದ್ದೇ ಮೌನಪ್ಪನ ಜನ್ಮದ ತಪಸ್ಸು. ಇನ್ನು ತಡೆಯಲಾಗಲಿಲ್ಲ.

“ನಾಕಾದಾಗ ಏನಾತು ಕೇಳ್ರಿಪಾ! ಸುಂಕಾನೂ ಇಲ್ಲ, ಏನೂ ಇಲ್ಲ. ಪಂಪಣ್ಣ ಲಿಂಗ ಮುಟ್ಟಿ ‘ಇದು ಮೇಳದ್ದು’ ಅಂತ ಆಣಿ ಮಾಡಿ ಬಿಡಿಸಿಕೊಂಡು ಬಂದಾನ!”

ಮರಿಲಿಂಗಪ್ಪ ನಿಧಾನವಾಗಿ ತಿರುಗಿದ. “ಮೇಳದ್ದು ಅಂದ್ಯಾ? ಲಿಂಗ ಮುಟ್ಟಿ?”

“ಅದು... ನಾಕಾದಾಗ ಹೇಳಿದ ಮಾತು...”

“ಯಾಕ, ನಾಕಾದಾಗ ಹೇಳಿದ್ದು ಸುಳ್ಳೇನು?” ಬಾಗಿಲಲ್ಲಿ ಸರದಾರಸಾಬ ನಿಂತಿದ್ದ, ಅತ್ತರು ಪೂಸಿಕೊಂಡು ಭಜನೆ ಕೇಳಲು ಬಂದವನು.

ಊರಿಗೆ ಊರೇ ಪಂಪಣ್ಣನ ಬಾಯಿ ನೋಡಿತು. ಸುಳ್ಳೆಂದರೆ ಲಿಂಗ ಮುಟ್ಟಿ ಸುಳ್ಳಾಡಿದವನು. ನಾಳೆಯಿಂದ ಅವನ ಮಾತಿನ ಮೇಲೆ ಯಾರೂ ಕರುವನ್ನೂ ಕೊಳ್ಳುವುದಿಲ್ಲ. ಅವನ ಗಂಟಲು ಮೂರನೆಯ ಪೆಟ್ಟಿಗೆಯಂತೆ ಬುಸ್ಸೆಂದಿತು.

“ಖರೇನ್ರಿ. ಮೇಳದ್ದು.”

“ಹಂಗಾರ ಕೈ ತಗಿ,” ಎಂದ ಮರಿಲಿಂಗಪ್ಪ. “ಮೇಳದ ಸಾಮಾನು ಮೇಳದವರಿಗೆ ಅಷ್ಟ. ನಿಂದಂತ ಸಾಮಾನು ಎಲ್ಲದ?”

“ರೊಕ್ಕ ನಂದು! ಬಂಡಿ ನಂದು! ಹಲ್ಲು ನೋಡಿ ಆರಿಸಿದಾಂವ ನಾನು!”

“ಪುಣ್ಯಾ ನಿಂದು. ಪೆಟಗಿ ಮೇಳದ್ದು. ಹೊರಗ ಕುಂಡ್ರು.”

ಪಂಪಣ್ಣ ಎದ್ದ. ಕಣ್ಣಲ್ಲಿ ಕೆಂಡ. ಎತ್ತು ಮಾರಿದವನು ಎತ್ತನ್ನು ಕೊಟ್ಟರೂ ಹಗ್ಗ ಬಿಚ್ಚಿಕೊಂಡು ಬರುತ್ತಾನೆ. ಸಂತೆಯ ಧರ್ಮ ಅದು. ನೆಲದ ಮೇಲೆ ಬಿದ್ದಿದ್ದ ಹಗ್ಗವನ್ನು ಎತ್ತಿ ಹೆಗಲಿಗೆ ಹಾಕಿಕೊಂಡ.

“ಹಗ್ಗಾದ್ರೂ ನಂದು! ಇದನ್ನ ಕೇಳಾಂವ ಯಾಂವ ಅದಾನ, ಮುಂದ ಬರಲಿ!”

ಡಗ್ಗಾದ ಮುಂದೆ ಕೂತಿದ್ದ ಮೌನಪ್ಪ ತಲೆ ಕೆರೆದುಕೊಂಡ.

“ಅಣ್ಣಾ, ಸಿಟ್ಟಿಗೇಳಬ್ಯಾಡ,” ಎಂದ. “ಆಣಿ ಮಾಡುವಾಗ ಪೆಟಗಿಗೆ ಹಗ್ಗ ಕಟ್ಟಿತ್ತಲ್ಲ. ಪೂರಾ ಮೇಳದ್ದು ಅಂದೀದಿ.”